ಉದ್ಯಾಪನೆ ಇಲ್ಲದ ವ್ರತ

ತೂಕದ ಮಷಿನ್ 74 ಎಂದು ತೋರಿಸಿದ ಬೆಳಿಗ್ಗೆ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: “ಮುಗೀತಲ್ರೀ? ಹಂಗಾರ ಇವತ್ತ ಏನ್ ಮಾಡ್ಲಿ?”

ಹದಿನಾಲ್ಕು ತಿಂಗಳಿಂದ ನಾನು ಕಾಯುತ್ತಿದ್ದ ಪ್ರಶ್ನೆ ಅದು. 91 ಕೆಜಿಯಿಂದ ಹೊರಟವನು. ಸೌತೆಕಾಯಿ, ಮೊಳಕೆಕಾಳು, ನೀರುಮಜ್ಜಿಗೆ ಅಂತ ಊರೂರು ಸುತ್ತಿದ ಭಿಕ್ಷುಕನ ಹಾಗೆ ಅಲೆದು 74ಕ್ಕೆ ಬಂದು ಮುಟ್ಟಿದ್ದೆ. ಆದರೆ ಪ್ರಶ್ನೆ ಬಂದಾಗ ಉತ್ತರ ಬಾಯಿಗೆ ಬರಲಿಲ್ಲ. ಏನು ತಿನ್ನಬಾರದು ಅನ್ನುವುದರಲ್ಲಿ ನಾನು ಪಂಡಿತನಾಗಿದ್ದೆ. ಏನು ತಿನ್ನಬೇಕು ಅನ್ನುವುದು ಮರೆತೇಹೋಗಿತ್ತು. “ಏನರ ಮಾಡು” ಅಂದೆ. ‘ಏನರ’ ಅನ್ನುವ ಅಡುಗೆಯನ್ನು ಕೊಪ್ಪಳದ ಯಾವ ಮನೆಯಲ್ಲೂ ಮಾಡುವುದಿಲ್ಲ. ಅವಳು ಶೇಂಗಾ ಹೋಳಿಗೆ ಮಾಡಿದಳು.

ಅವಳನ್ನು ದೂರುವ ಹಾಗಿಲ್ಲ. ನಮ್ಮಲ್ಲಿ ಹಿಡಿದ ವ್ರತಕ್ಕೆಲ್ಲ ಒಂದು ಉದ್ಯಾಪನೆ ಇರುತ್ತದೆ. ಏಕಾದಶಿ ಮಾಡಿದವರಿಗೆ ದ್ವಾದಶಿಯ ಪಾರಣೆ ಕಾದಿರುತ್ತದೆ. ಶ್ರಾವಣದ ಸೋಮವಾರಗಳೆಲ್ಲ ಒಪ್ಪೊತ್ತು ಮಾಡಿದವರು ಕೊನೇ ಸೋಮವಾರ ಹೋಳಿಗೆಗೆ ತುಪ್ಪ ಸುರಿದುಕೊಂಡು ಹಿಂದಿನ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸುತ್ತಾರೆ. ಶಿವರಾತ್ರಿಯ ಉಪವಾಸವಂತೂ ಉಪವಾಸವೋ ಖರ್ಜೂರದ ಹಬ್ಬವೋ ಎಂದು ಶಿವನಿಗೇ ಗೊತ್ತು. ಹೊಟ್ಟೆ ಕಟ್ಟಿದವರಿಗೆ ಕೊನೆಗೆ ಬಿಚ್ಚುವ ದಿನ ಒಂದಿರಲೇಬೇಕು ಎಂಬ ನ್ಯಾಯ ನಮ್ಮ ರಕ್ತದಲ್ಲಿದೆ. ಡಯಟ್ ಎಂಬ ಹೊಸ ವ್ರತವನ್ನು ತಂದವರು ಉದ್ಯಾಪನೆಯ ವಿಧಿಯನ್ನು ಬರೆಯಲು ಮರೆತರು. ನಾವೇ ಬರೆದುಕೊಂಡು ಮಾಡಿದರೆ ಅದು ಮುಂದಿನ ಡಯಟ್ಟಿನ ಪೂಜೆಗೆ ಸಂಕಲ್ಪವಾಗುತ್ತದೆ, ಅಷ್ಟೇ.

ಹೋಳಿಗೆ ತಿಂದ ಪಾಪಕ್ಕೆ ಹೆದರಿ, ಹುಬ್ಬಳ್ಳಿಯಲ್ಲಿ ಪಥ್ಯ ಬರೆದುಕೊಟ್ಟಿದ್ದ ಆಹಾರ ತಜ್ಞೆಗೆ ಫೋನ್ ಮಾಡಿದೆ. ಆಕೆ ಬಹಳ ಸಂತೋಷಪಟ್ಟರು. “ಇನ್ನು ಇಳಿಸೋದು ಬೇಡ ಸರ್, ಕಾಯ್ಕೊಂಡು ಹೋದ್ರೆ ಸಾಕು. ಸದ್ಯಕ್ಕೆ ದಿನಕ್ಕೆ ಇನ್ನೂರು ಕ್ಯಾಲೊರಿ ಹೆಚ್ಚು ಮಾಡಿ ನೋಡೋಣ” ಅಂದರು. ಇನ್ನೂರು ಎಂಬ ಸಂಖ್ಯೆ ಕೇಳಿ ನನಗೆ ಬೋನಸ್ ಬಂದಷ್ಟು ಹಿಗ್ಗು. ಕಾಗದ ತೆಗೆದುಕೊಂಡು ಕೂತೆ. ಅರವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಸರಿಸುಮಾರು ಇನ್ನೂರು. ಬೆಣ್ಣೆ ಇಲ್ಲದ್ದು. ಶೇಂಗಾ ಹಿಂಡಿ ಉದುರಿಸಿಕೊಂಡರೆ ಲೆಕ್ಕ ಹರಿಯಿತು. ಹದಿನಾಲ್ಕು ತಿಂಗಳ ಸೆರೆವಾಸ ಮುಗಿಸಿ ಹೊರಬಂದ ನನಗೆ ಸಿಕ್ಕ ಸ್ವಾತಂತ್ರ್ಯ ಒಂದು ಒಣ ರೊಟ್ಟಿ!

ಯಾಕೆ ಹೀಗೆ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಹಮಾಲರ ಲೆಕ್ಕದಲ್ಲಿ ಯೋಚಿಸಿದಾಗ ತಿಳಿಯಿತು. ಹದಿನೇಳು ಕೆಜಿಯ ಮೂಟೆಯೊಂದನ್ನು ನನ್ನ ದೇಹ ಹಗಲೂ ರಾತ್ರಿ ಹೊತ್ತು ತಿರುಗುತ್ತಿತ್ತು. ಆ ಹಮಾಲಿಗೆ ಕೂಲಿಯೆಂದು ದಿನಕ್ಕೆ ಎರಡೋ ಮೂರೋ ರೊಟ್ಟಿ ಹೆಚ್ಚಿಗೆ ಸಲ್ಲುತ್ತಿತ್ತು. ಈಗ ಮೂಟೆ ಇಳಿಸಿದೆ. ಕೆಲಸ ನಿಂತ ಮೇಲೆ ಕೂಲಿ ಕೇಳಲು ಯಾವ ಮುಖ? ಮೂಟೆ ಇಳಿಸಿದರೆ ಮೊದಲಿನ ತಾಟು ತಿರುಗಿ ಬರುತ್ತದೆ ಎಂದು ನಂಬಿದ್ದೇ ಮೂಲದ ತಪ್ಪು. ಅದು 91 ಕೆಜಿಯವನ ತಾಟು. ಅವನು ಈಗ ಇಲ್ಲ.

ಅವನು ಇಲ್ಲ ಎಂಬ ದುಃಖ ನನಗಿಂತ ಊರಿಗೇ ಹೆಚ್ಚು. ಅಶೋಕ ಸರ್ಕಲ್ಲಿನಲ್ಲಿ ಸಿಕ್ಕ ಹಳೆಯ ಪರಿಚಯದವರು ಸ್ಕೂಟರ್ ನಿಲ್ಲಿಸಿ, “ಏನ್ರೀ ಸರ, ಸಕ್ಕರಿ ಕಾಯಿಲೆ ಏನರ ಬಂದೈತೇನು?” ಎಂದು ಕೇಳಿದರು. ಇಲ್ಲ ಅಂದರೆ ನಂಬಲಿಲ್ಲ. ಇನ್ನೊಬ್ಬರು ದನಿ ಇಳಿಸಿ, “ಎಲ್ಲಿ ತೋರ್ಸೀರಿ? ಹುಬ್ಬಳ್ಳ್ಯಾಗೋ ಬೆಂಗಳೂರಾಗೋ?” ಅಂದರು. ಮೂರನೆಯವರು ಏನನ್ನೂ ಕೇಳದೆ ಎರಡು ಎಳನೀರು ಕೊಡಿಸಿ ಬೆನ್ನು ಸವರಿ ಕಳಿಸಿದರು. ಹತ್ತು ವರ್ಷದಿಂದ ಬೆನ್ನು ಹತ್ತಿದ್ದ ವಿಮಾ ಏಜೆಂಟ್ ಗೆಳೆಯನೊಬ್ಬ ಮಾತ್ರ ನನ್ನನ್ನು ಕಂಡು ರಸ್ತೆ ದಾಟಿ ಆಚೆ ಹೋದ. ತಮಾಷೆ ನೋಡಿ: ನನ್ನ ಎತ್ತರ ಐದಡಿ ಎಂಟಿಂಚು. ಅದಕ್ಕೆ 74 ಕೆಜಿ ಎಂದರೆ ಬಿಎಂಐ 25ರ ಅಂಚು. ಭಾರತೀಯರಿಗೆ 23 ದಾಟಿದರೇ ಹೆಚ್ಚಿನ ತೂಕ ಎಂದು ನಮ್ಮ ವೈದ್ಯರು ಹೇಳುತ್ತಾರೆ. ಊರವರ ಕಣ್ಣಿಗೆ ಮಣ್ಣಿಗೆ ಹತ್ತಿರವಾದವನು, ಚಾರ್ಟಿನ ಪ್ರಕಾರ ಇನ್ನೂ ದಪ್ಪ.

ನನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡವನು ಟೇಲರ್ ಒಬ್ಬನೇ. ಆರು ಪ್ಯಾಂಟುಗಳನ್ನು ಹೊತ್ತುಕೊಂಡು ಹೋಗಿ, ಸೊಂಟ ಸಣ್ಣ ಮಾಡಿಕೊಡಪ್ಪ ಎಂದು ಗೆದ್ದವನ ಠೀವಿಯಲ್ಲಿ ಹೇಳಿದೆ. ವಾರ ಬಿಟ್ಟು ಕೊಟ್ಟ. ಹಾಕಿಕೊಂಡರೆ ಹಿಂದೆ ಏನೋ ದಪ್ಪಗೆ ಒತ್ತುತ್ತಿತ್ತು. ತಿರುಗಿಸಿ ನೋಡಿದರೆ ಒಳಗೆ ನಾಲ್ಕು ಬೆರಳು ಅರಿವೆ ಮಡಚಿ ಹೊಲಿದಿದ್ದಾನೆ. ಯಾಕೋ ಎಂದೆ. “ಇರ್ಲಿ ಬಿಡ್ರಿ ಸರ. ಕತ್ತರ್ಸೂದು ಏನ್ ದೊಡ್ಡದಲ್ಲ. ಮುಂದ ಬೇಕಾಕ್ಕೈತಿ” ಅಂದ. ಆಹಾರ ತಜ್ಞೆಗೆ ಐದು ಸಲ ಫೀಸು ಕೊಟ್ಟಿದ್ದೇನೆ. ಇಷ್ಟು ಖಚಿತವಾಗಿ ಭವಿಷ್ಯ ಹೇಳಿದವರು ಇನ್ನೊಬ್ಬರಿಲ್ಲ.

ಹೋಗಲಿ, ಚಪ್ಪಾಳೆಯಾದರೂ ಇತ್ತೇ? ಇಳಿಯುವಾಗ ಇತ್ತು. ನಾನು ದಿನವೂ ಕೊಪ್ಪಳದಿಂದ ಕುಷ್ಟಗಿಗೆ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಪಾಠ ಹೇಳುವವನು. ಬಸ್ಸಿನ ಕಾಯಂ ಗಿರಾಕಿಗಳಿಗೆ ನನ್ನ ತೂಕ ಒಂದು ಧಾರಾವಾಹಿಯಾಗಿತ್ತು. “ಈ ವಾರ ಎಷ್ಟ್ ಇಳಿದ್ರಿ ಸರ?” ಎಂದು ಕಂಡಕ್ಟರ್ ಟಿಕೆಟ್ ಹರಿಯುವ ಮೊದಲು ಕೇಳುತ್ತಿದ್ದ. ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿ ತೆರೆದರೆ ಸುತ್ತ ಜನ ಕೂಡುತ್ತಿದ್ದರು. ಈಗ ಯಾರಿಗೂ ಬೇಡ. “ಏನ್ ಸರ, ಹೋದ ತಿಂಗಳ ಇದ್ದಷ್ಟ ಇದ್ದೀರಲ್ಲ, ಭೇಷ್!” ಎಂದು ಯಾರಾದರೂ ಬೆನ್ನು ತಟ್ಟಿದ್ದು ಕೇಳಿದ್ದೀರಾ? ಇಳಿದರೆ ಸುದ್ದಿ, ಏರಿದರೆ ಇನ್ನೂ ದೊಡ್ಡ ಸುದ್ದಿ. ನಿಂತರೆ ಸುದ್ದಿಯೇ ಇಲ್ಲ. ಆದರೆ ಸ್ಟಾಫ್ ರೂಮಿನ ಹುಟ್ಟುಹಬ್ಬದ ಕೇಕು ಮಾತ್ರ ಈಗ ನನ್ನ ಮುಂದೆಯೂ ನಿಲ್ಲುತ್ತದೆ. “ನಿಮ್ದು ಮುಗೀತಲ್ಲ, ತಗೋರಿ.” ಮುಗಿದದ್ದು ನನ್ನದಲ್ಲ, ಅವರ ಕುತೂಹಲ.

ಕೇಕನ್ನಾದರೂ ಬೇಡ ಎನ್ನಬಹುದು, ಗಂಗಾವತಿಯ ಅನ್ನವನ್ನು ಹಾಗೆನ್ನಲಾಗದು. ಅದು ನನ್ನ ಮಾವನ ಮನೆ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಮೇಲೆ ಆ ಸೀಮೆ ಭತ್ತದ ಕಣಜವಾಯಿತೆಂದು ಪುಸ್ತಕದಲ್ಲಿದೆ. ಅದರ ಅರ್ಥ ತಿಳಿಯಬೇಕಾದರೆ ಅಳಿಯನಾಗಿ ಹೋಗಿ ಅಲ್ಲಿ ಊಟಕ್ಕೆ ಕೂಡಬೇಕು. ನಮ್ಮ ಯಲಬುರ್ಗಾ ಕಡೆ ಊಟವೆಂದರೆ ರೊಟ್ಟಿ. ಅನ್ನ ಕಡೆಗೊಂದು ತುತ್ತು, ಮಜ್ಜಿಗೆಗೆ ಜೊತೆ ಬೇಕಲ್ಲ ಎಂದು. ಗಂಗಾವತಿಯಲ್ಲಿ ರೊಟ್ಟಿ ಮುಗಿದ ಮೇಲೆ ಊಟ ಶುರು. ಸೋನಾ ಮಸೂರಿ ಅನ್ನ ಮಲ್ಲಿಗೆಯ ಹಾಗೆ ಉದುರುದುರಾಗಿ ಬೀಳುತ್ತದೆ. ಸಾರಿಗೊಂದು ಸಲ, ಸಾಂಬಾರಿಗೊಂದು ಸಲ, ಮೊಸರಿಗೊಂದು ಸಲ. “ಅನ್ನದಾಗೇನೈತ್ರೀ, ನೀರs ಅದು” ಎಂಬುದು ಅತ್ತೆಯವರ ಸಿದ್ಧಾಂತ. ಅದು ಅರ್ಧ ನಿಜ ಎಂದು ಆಮೇಲೆ ಗೊತ್ತಾಯಿತು.

ಯುಗಾದಿಗೆ ಎರಡು ದಿನ ಇದ್ದೆ. ಮೂರನೆಯ ದಿನ ಹೆಂಡತಿಯ ತಮ್ಮ ಕೆಲಸ ಮಾಡುವ ರೈಸ್‌ಮಿಲ್ಲಿಗೆ ಹೋಗಿ, ಭತ್ತದ ಚೀಲ ತೂಗುವ ಕಾಟಾದ ಮೇಲೆ ಸುಮ್ಮನೆ ನಿಂತೆ. 76.4. ಎರಡೇ ದಿನಕ್ಕೆ ಎರಡು ಕೆಜಿ ನಾಲ್ಕುನೂರು ಗ್ರಾಂ! ಮುಖದ ಬಣ್ಣ ಹೋಯಿತು. ಹುಡುಗ ನಕ್ಕ. “ಯಾಕ್ ಗಾಬರಿ ಆಗ್ತೀರಿ ಮಾಮಾ? ಅದು ತೇವಾಂಶ.”

ಭತ್ತ ಖರೀದಿ ಮಾಡುವವರ ಮಾತು ಅದು. ಸರ್ಕಾರಿ ಖರೀದಿಗೆ ಭತ್ತದ ತೇವಾಂಶ ಶೇ 17ರ ಒಳಗಿರಬೇಕು. ದಾಟಿದರೆ ಒಣಗಿಸಿ ತಾ ಅಂತಾರೆ, ಕಾಟಾದ ತೂಕವನ್ನು ನಂಬುವುದಿಲ್ಲ. ಮನುಷ್ಯನಿಗೂ ಅದೇ ನ್ಯಾಯ. ಅನ್ನ, ಸಕ್ಕರೆ ಹೆಚ್ಚಿಗೆ ತಿಂದಾಗ ದೇಹ ಅದರಲ್ಲಿ ಒಂದಿಷ್ಟನ್ನು ಸ್ನಾಯು, ಯಕೃತ್ತುಗಳಲ್ಲಿ ಗ್ಲೈಕೊಜನ್ ಮಾಡಿ ಕೂಡಿಡುತ್ತದೆ. ಕೂಡಿಡುವಾಗ ಗ್ರಾಂಗೆ ಮೂರು ಗ್ರಾಂನಷ್ಟು ನೀರನ್ನೂ ಜೊತೆಗೆ ಹಿಡಿದಿಡುತ್ತದೆ. ಉಪ್ಪಿನಕಾಯಿಯ ಉಪ್ಪು ಇನ್ನಷ್ಟು ನೀರು ನಿಲ್ಲಿಸುತ್ತದೆ. ಅದೇ ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಖರ್ಚಿಗಿಂತ 7,700 ಕ್ಯಾಲೊರಿಯಷ್ಟು ಹೆಚ್ಚಿಗೆ ತಿನ್ನಬೇಕು. ನನ್ನ ಎರಡು ಚಿಲ್ಲರೆ ಕೆಜಿಗೆ ತೊಂಬತ್ತು ರೊಟ್ಟಿ ಹೆಚ್ಚಿಗೆ ಬೇಕಿತ್ತು. ಅತ್ತೆಯವರು ಮನಸ್ಸು ಮಾಡಿದ್ದರೆ ಬಡಿಸುತ್ತಿದ್ದರೋ ಏನೋ, ಆದರೆ ಸಮಯ ಸಾಲಲಿಲ್ಲ. ಡಯಟ್ಟಿನ ಮೊದಲ ವಾರ ಮೂರು ಕೆಜಿ ಇಳಿದೆನೆಂದು ನಾನು ಪೇಡಾ ಹಂಚಿದ್ದೂ ಹೆಚ್ಚುಪಾಲು ತೇವಾಂಶಕ್ಕೇ ಎಂದು ಆಗ ಹೊಳೆದು ಸ್ವಲ್ಪ ನಾಚಿಕೆಯಾಯಿತು. ಕೊಪ್ಪಳಕ್ಕೆ ಬಂದು ನಾಲ್ಕು ದಿನಕ್ಕೆ ಮಷಿನ್ 74.5ಕ್ಕೆ ಇಳಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಒಂದು ಹೊಸ ಶಬ್ದ ಸಿಕ್ಕಿತ್ತಲ್ಲ. ಮದುವೆ ಸೀಜನ್ನಿನಲ್ಲಿ 75 ಆಯಿತು: ತೇವಾಂಶ. ಮಾವಿನ ಹಣ್ಣಿನ ಸೀಕರಣಿಯಲ್ಲಿ 76 ಆಯಿತು: ತೇವಾಂಶ. ಮಳೆಗಾಲ ಬಂತು, ಸಂಜೆ ಮಂಡಕ್ಕಿ ಒಗ್ಗರಣೆಯ ಜೊತೆ ಬಿಸಿ ಮಿರ್ಚಿ ಬಂತು, 77.8 ಆಯಿತು. ಮಳೆಗಾಲದಲ್ಲಿ ತೇವಾಂಶ ಇರದೆ ಇನ್ನೇನಿರುತ್ತದೆ? ಬಿಸಿಲು ಬಂದರೂ ಅದು ಒಣಗದಿದ್ದಾಗ ಹೆಂಡತಿ ಒಂದೇ ಮಾತು ಹೇಳಿದಳು: “ಪ್ಯಾಂಟಿನ ಹೊಲಿಗಿ ಬಿಚ್ಚಿಸ್ಲೇನ್ರೀ?”

ಆ ಮೂರು ಚಿಲ್ಲರೆ ಕೆಜಿ ತಿರುಗಿ ಇಳಿಸುವುದಕ್ಕೆ ಮೊದಲಿನ ಏಳು ಕೆಜಿಯಷ್ಟು ಕಷ್ಟವಾಯಿತು. ಇದು ನನ್ನ ಸೋಮಾರಿತನ ಮಾತ್ರವಲ್ಲ, ದೇಹದ ಒಳಸಂಚೂ ಹೌದು. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ. ಅವರು ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಓದತೊಡಗಿದರಂತೆ. ಬೇಕಾದಷ್ಟು ತಿನ್ನಿ ಎಂದು ಬಿಟ್ಟ ಮೇಲೆ ಕೆಲವರಿಗೆ ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವೆ ಹಿಂಗಲಿಲ್ಲ. ಇದನ್ನು ಓದಿದಾಗ ನನಗೆ ನನ್ನ ಮೊಬೈಲ್ ನೆನಪಾಯಿತು. ಡಯಟ್ಟಿನ ಹದಿನಾಲ್ಕು ತಿಂಗಳೂ ನಾನು ರಾತ್ರಿ ಹತ್ತರ ಮೇಲೆ ನೋಡುತ್ತಿದ್ದುದು ಬರೀ ಎಣ್ಣೆಗಾಯಿ ಮಾಡುವ ವಿಡಿಯೋ. ಆಸ್ಟ್ರೇಲಿಯಾದವರು 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ತೂಕ ಇಳಿಸಿಕೊಂಡವರ ಹಸಿವೆಯ ಹಾರ್ಮೋನುಗಳು ಒಂದು ವರ್ಷ ಕಳೆದರೂ ಹಳೆಯ ಜಾಗಕ್ಕೆ ಮರಳಿರಲಿಲ್ಲ. ತಿನ್ನು ಎನ್ನುವ ಗ್ರೆಲಿನ್ ಏರಿಯೇ ಇತ್ತು, ಸಾಕು ಎನ್ನುವ ಲೆಪ್ಟಿನ್ ಇಳಿದೇ ಇತ್ತು. ಎಂದರೆ ನನ್ನ ಹೊಟ್ಟೆಯ ಮಟ್ಟಿಗೆ ಬರಗಾಲ ಇನ್ನೂ ಮುಗಿದಿಲ್ಲ. ಮುಗಿಯಿತು ಎಂದು ಡಂಗುರ ಹೊಡೆಸಿದರೂ ಅದು ನಂಬಲು ತಯಾರಿಲ್ಲ.

ಬರಗಾಲ ಎಂದೆನಲ್ಲ, ಅದರ ಬಗ್ಗೆ ತಿಳಿಯಬೇಕಾದರೆ ಯಲಬುರ್ಗಾ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ದೊಡ್ಡವ್ವನನ್ನು ಕೇಳಬೇಕು. ಎಂಬತ್ತು ದಾಟಿದ್ದಾಳೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋಗಿದ್ದೆ. ಹೊಲದಲ್ಲಿ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಹಿಂಡಿ, ಮೊಸರು ಎಲ್ಲ ಹರವಿ ಕೂತಿದ್ದರು. ನನ್ನನ್ನು ನೋಡಿದ್ದೇ ದೊಡ್ಡವ್ವ ನನ್ನ ಹೆಂಡತಿಯ ಕಡೆ ತಿರುಗಿದಳು. “ಏನಬೇ, ನನ್ನ ಮಗಗ ಹೊಟ್ಟಿಗಿ ಹಾಕ್ತೀಯೋ ಇಲ್ಲೋ?” ಹದಿನಾಲ್ಕು ತಿಂಗಳ ನನ್ನ ತಪಸ್ಸಿನ ಪುಣ್ಯ ಹೆಂಡತಿಗೆ ಈ ರೂಪದಲ್ಲಿ ಸಿಕ್ಕಿತು.

ನಾನು ಮಾತು ತಿರುಗಿಸಲು, “ದೊಡ್ಡವ್ವ, ನೀ ಹುಟ್ಟಿದಾಗಿಂದ ಹಿಂಗs ಕಡ್ಡಿ ಇದ್ದಿ. ಹೆಂಗ ಕಾಯ್ಕೊಂಡಿ?” ಎಂದೆ. ಅವಳು ರೊಟ್ಟಿ ಮುರಿಯುತ್ತ, “ಕಾಯೂದೇನ್ ಬಂತಪಾ? ಹೊಟ್ಟಿ ತುಂಬೂದ್ರಾಗs ಬುಟ್ಟ್ಯಾಗಿನ ಹಿಟ್ಟು ತೀರತಿತ್ತು” ಅಂದಳು.

ಯಾರೂ ನಗಲಿಲ್ಲ. ಅವಳು ಮಾತ್ರ ನಕ್ಕು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮಳೆಯನ್ನೇ ನೆಚ್ಚಿದ ಈ ಎರೆಹೊಲಗಳಲ್ಲಿ ಮೈಕೈ ತುಂಬಿಕೊಳ್ಳುವುದು ಒಂದು ಕಾಲಕ್ಕೆ ಒಳ್ಳೆಯ ಮಳೆಯ ಗುರುತಾಗಿತ್ತು. ಸೊರಗಿದ ಮಗನನ್ನು ಕಂಡರೆ ಅವಳಿಗೆ ಬಿಎಂಐ ನೆನಪಾಗುವುದಿಲ್ಲ, ಬಿತ್ತಿದ್ದು ಒಣಗಿದ ವರ್ಷ ನೆನಪಾಗುತ್ತದೆ. ಆ ರೊಟ್ಟಿಯನ್ನು ಬೇಡ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ತಿಂದೆ. ಇನ್ನೂರು.

ಆದರೆ ತೂಕದ ಮಷಿನ್ನಿಗಿಂತ ಒಳ್ಳೆಯದನ್ನು ಕಲಿಸಿದವಳೂ ಅವಳೇ. “ಉಡದಾರ ಐತಿಲ್ಲೋ?” ಎಂದು ಕೇಳಿದಳು. ಇದೆ ಅಂದೆ. “ಅದು ಬಿಗೀತಂದ್ರ ರಾತ್ರಿ ಊಟ ಬಿಡು. ಸಡ್ಲಾತಂದ್ರ ಉಣ್ಣು.” ಗಂಡಸರ ಸೊಂಟ 90 ಸೆಂಟಿಮೀಟರ್ ದಾಟಬಾರದು ಎಂದು ನಮ್ಮ ದೇಶದ ವೈದ್ಯರು ಹೇಳಿದ್ದನ್ನು ಓದಿದ್ದೆ. ಮನೆಗೆ ಬಂದು ಹೊಸ ಉಡದಾರ ತರಿಸಿ, ಟೇಪು ಹಿಡಿದು, ಸರಿಯಾಗಿ ಅಷ್ಟಕ್ಕೇ ಗಂಟು ಹಾಕಿಕೊಂಡೆ. ಬ್ಯಾಟರಿ ಬೇಡ, ತೇವಾಂಶದ ನೆವ ನಡೆಯುವುದಿಲ್ಲ. ಅದು ಬೆಳಗಿನ ತನಕ ಕಾಯುವುದೂ ಇಲ್ಲ, ಎರಡನೆಯ ಸಲ ಅನ್ನ ಬಡಿಸಿಕೊಳ್ಳುವಾಗಲೇ ಚುಚ್ಚಿ ಹೇಳುತ್ತದೆ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಪುಸ್ತಕ ಇಟ್ಟಿದ್ದಾರೆ. ಹದಿಮೂರೂವರೆ ಕೆಜಿಗಿಂತ ಹೆಚ್ಚು ಇಳಿಸಿ ವರ್ಷದ ಮೇಲೆ ಕಾಯ್ದುಕೊಂಡವರ ಹೆಸರು ಅದರಲ್ಲಿ ಸೇರುತ್ತದೆ. ಅವರಲ್ಲಿ ಹೆಚ್ಚಿನವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಬೆಳಗಿನ ನಾಷ್ಟಾ ತಪ್ಪಿಸುವುದಿಲ್ಲ, ದಿನಾ ಒಂದು ತಾಸಿನಷ್ಟು ಮೈ ಬೆವರಿಸುತ್ತಾರೆ. ಉಡದಾರದ ಸುದ್ದಿ ಅವರಿಗೆ ತಲುಪಿದಂತಿಲ್ಲ.

ಬೆವರಿಳಿಸುವುದರ ಬಗ್ಗೆಯೂ ಒಂದು ಮಾತು. ಆನೆಗೊಂದಿಯ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಏದುಸಿರು ಬಿಡುತ್ತ ಹತ್ತಿ ಹನುಮಪ್ಪನಿಗೆ ಕೈಮುಗಿದು, ಇವತ್ತು ಒಂದು ಹಬ್ಬದೂಟಕ್ಕೆ ಜಾಗವಾಯಿತು ಎಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಹತ್ತಿದ್ದಕ್ಕೆ ಅರ್ಧ ರೊಟ್ಟಿ ಕರಗಿದರೆ ಹೆಚ್ಚು. ಇಳಿದ ಮೇಲೆ ಕೆಳಗೆ ಕುಡಿದ ಕಬ್ಬಿನ ಹಾಲು ಅದನ್ನೂ ನುಂಗಿತು. ಹನುಮಪ್ಪ ಸಮುದ್ರ ಹಾರಿದ್ದು ಯಾಕೆಂದು ಈಗ ಅರ್ಥವಾಗುತ್ತದೆ, ಮೆಟ್ಟಿಲಿನಿಂದ ಆಗುವ ಕೆಲಸವಲ್ಲ ಇದು.

ಈ ಎಲ್ಲದರ ನಡುವೆ ಜನವರಿ ಬಂತು, ಕೊಪ್ಪಳದ ಗವಿಮಠದ ಜಾತ್ರೆ ಬಂತು. ಜಾತ್ರೆಯಲ್ಲಿ ತೇರಿನಷ್ಟೇ ದೊಡ್ಡದು ದಾಸೋಹ. ಹಳ್ಳಿ ಹಳ್ಳಿಗಳಿಂದ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಬಂದು ಬಣವೆ ಬಣವೆಯಾಗಿ ಬೀಳುತ್ತದೆ. ಮಾದಲಿ ಕ್ವಿಂಟಲ್ ಲೆಕ್ಕದಲ್ಲಿ. ಮಿರ್ಚಿ ಲಕ್ಷದ ಲೆಕ್ಕದಲ್ಲಿ. ಊರೇ ಊಟಕ್ಕೆ ಕೂತಿರುವಾಗ ಕ್ಯಾಲೊರಿ ಎಂಬ ಶಬ್ದವನ್ನು ನೆನೆಯುವುದೂ ಅಪಚಾರ.

ಹಸಿವೆ ಹೆಚ್ಚಿಸಿಕೊಳ್ಳುವುದಕ್ಕೋ ಮುಂದೂಡುವುದಕ್ಕೋ, ಮೊದಲು ಗುಡ್ಡದ ಮೇಲಿನ ಅಶೋಕನ ಶಾಸನದ ಕಡೆ ಹೋದೆ. ಇಪ್ಪತ್ತೆರಡು ಶತಮಾನಗಳ ಹಿಂದಿನ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅದರಲ್ಲಿ ಚಕ್ರವರ್ತಿ ಏನು ಹೇಳಿಕೊಂಡಿದ್ದಾನೆ ಗೊತ್ತೇ? ಎರಡೂವರೆ ವರ್ಷದಿಂದ ತಾನು ಉಪಾಸಕ, ಆದರೆ ಮೊದಮೊದಲು ಅಷ್ಟೇನೂ ಮನಸ್ಸಿಟ್ಟು ಮಾಡಲಿಲ್ಲ, ಸಂಘದ ಹತ್ತಿರ ಹೋಗಿ ವರ್ಷದ ಮೇಲಾಯಿತು, ಆಗಿನಿಂದ ಜೋರು ಹಿಡಿದೆ ಅಂತ. ಜಿಮ್ಮಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಹೋಗದವರಿಗೆಲ್ಲ ಇವನೇ ಮೂಲಪುರುಷ! ಮುಂದುವರಿದು, ಸಣ್ಣವರೂ ದೊಡ್ಡವರೂ ಪ್ರಯತ್ನ ಮಾಡಲಿ, ಈ ಪ್ರಯತ್ನ ಬಹುಕಾಲ ನಿಲ್ಲಲಿ ಎನ್ನುತ್ತಾನೆ. ಬಹುಕಾಲ ನಿಲ್ಲಲಿ! ನನ್ನ ಎದೆ ತುಂಬಿ ಬಂತು. ಬರೀ ನಿಲ್ಲುವುದಕ್ಕೂ ಒಂದು ಚಪ್ಪಾಳೆ ಈ ಊರಲ್ಲಿ ಕಲ್ಲಿನ ಮೇಲೆ ಕೆತ್ತಿದೆಯಲ್ಲ ಎಂದು. ಆದರೆ ಅದರ ಕೊನೆಯಲ್ಲಿ, ಇದು ಬೆಳೆಯುತ್ತದೆ, ಚೆನ್ನಾಗಿ ಬೆಳೆಯುತ್ತದೆ, ಒಂದೂವರೆ ಪಟ್ಟು ಬೆಳೆಯುತ್ತದೆ ಎಂದೂ ಇದೆ. ಧರ್ಮದ ಮಾತು ಅದು, ನನಗೆ ಗೊತ್ತು. ಆದರೂ ಕೈ ತನಗೆ ತಾನೇ ಲೆಕ್ಕ ಹಾಕಿತು. 74ರ ಒಂದೂವರೆ ಪಟ್ಟು 111.

ಗುಡ್ಡ ಇಳಿದು ದಾಸೋಹಕ್ಕೆ ಹೋಗಿ ಪಂಕ್ತಿಯಲ್ಲಿ ಕೂತೆ. ರೊಟ್ಟಿ ಬಂತು, ಪಲ್ಯ ಬಂತು, ಮಾದಲಿಯ ಮೇಲೆ ಹಾಲು ಬಿತ್ತು. ಮಿರ್ಚಿಯ ಬುಟ್ಟಿ ಹಿಡಿದು ಸೇವೆಗೆ ನಿಂತವನು ಸಾಲಿನುದ್ದಕ್ಕೂ ಹಾಕುತ್ತ ನನ್ನ ಮುಂದೆ ಬಂದ. ನೋಡಿದರೆ ನಮ್ಮ ಟೇಲರ್. “ಒಂದು ಸಾಕಪಾ” ಅಂದೆ. ಅವನು ನನ್ನ ಮುಖ ನೋಡಲಿಲ್ಲ, ಸೊಂಟ ನೋಡಿದ.

“ಒಳಗಿನ ಅರಿವಿ ಕತ್ತರ್ಸಿಲ್ಲಲ್ರೀ ಸರ?”

“ಇಲ್ಲ.”

“ಹಂಗಾರ ತಗೋರಿ” ಎಂದು ಎರಡು ಹಾಕಿ ಮುಂದೆ ಹೋದ.